ತೂಗುವ ತೊಟ್ಟಿಲು

"ಗುರುಗಳೇ, ಎಚ್ಚರ ಎಲ್ಲಿ ಮುಗಿಯುತ್ತದೆ, ಭಯ ಎಲ್ಲಿ ಶುರುವಾಗುತ್ತದೆ?"

ಹೀಗೆ ಕೇಳಿದವನು ಸೋಮಲಿಂಗ. ಅವನು ಸಂಸಾರಿ. ಹದಿನೈದು ದಿನಕ್ಕೊಮ್ಮೆ ಆಶ್ರಮಕ್ಕೆ ಬಂದು ಹೋಗುತ್ತಿದ್ದ. ಆ ವರ್ಷ ಅವನ ಮಗಳು ಹಾಸ್ಟೆಲಿಗೆ ಸೇರಿದ್ದಳು. ದಿನಕ್ಕೆ ಆರು ಸಲ ಅವಳಿಗೆ ಫೋನು ಮಾಡುತ್ತೇನೆ, ಅವಳು ಎತ್ತುವ ತನಕ ಬೇರೆ ಕೆಲಸ ಮುಟ್ಟುವುದಿಲ್ಲ, ಹೆಂಡತಿ ಇದನ್ನು ಹುಚ್ಚು ಎನ್ನುತ್ತಾಳೆ, ನಾನು ಜವಾಬ್ದಾರಿ ಎನ್ನುತ್ತೇನೆ ಎಂದು ಹೇಳಿಕೊಂಡ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ತೂಕದ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಲಾರಿ ತೂಗುವ ಯಂತ್ರವಾಗಲಿ, ಚಿನ್ನ ತೂಗುವ ಯಂತ್ರವಾಗಲಿ, ಅವನ ಕೈಗೆ ಬಂದರೆ ಸರಿಯಾಗುತ್ತಿತ್ತು. ಮನೆಯಲ್ಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ನೀರಿನ ಟ್ಯಾಂಕು ತುಂಬಿದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುವಂತೆ ಮಾಡಿದ್ದ. ಗ್ಯಾಸ್ ಸಿಲಿಂಡರು ಇನ್ನೆಷ್ಟು ದಿನ ಬರುತ್ತದೆ ಎಂದು ಅವನ ಫೋನು ಹೇಳುತ್ತಿತ್ತು. ಹೆಂಡತಿ ಇದನ್ನೆಲ್ಲ ಅಕ್ಕಪಕ್ಕದವರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದಳು.

ಅವರಿಗೆ ಏಳೂವರೆ ತಿಂಗಳಿಗೇ ಹೆಣ್ಣು ಮಗು ಹುಟ್ಟಿತು. ಎರಡು ಕಿಲೋ ಕೂಡ ಇರಲಿಲ್ಲ. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಮನೆಗೆ ಕಳಿಸುವಾಗ ವೈದ್ಯರು, "ತೂಕದ ಮೇಲೆ ಒಂದು ಕಣ್ಣಿರಲಿ" ಎಂದರು. ಅವರು ಎಲ್ಲರಿಗೂ ಹೇಳುವ ಮಾತು ಅದು. ಆದರೆ ಈ ಸಲ ಕೇಳಿಸಿಕೊಂಡವನು ತೂಕದ ಮನುಷ್ಯ.

ಅವನು ಎರಡು ದಿನ ಅಂಗಡಿ ಮುಚ್ಚಿದ. ತೊಟ್ಟಿಲಿನ ಹಗ್ಗ ಮತ್ತು ತೊಲೆಯ ಕೊಂಡಿಯ ನಡುವೆ ಭಾರ ಅಳೆಯುವ ಒಂದು ತುಂಡನ್ನು ಸೇರಿಸಿದ. ಅದರಿಂದ ತಂತಿ ಎಳೆದು ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ ಹೊಡೆದ. ಖಾಲಿ ತೊಟ್ಟಿಲಿಗೆ ಸೊನ್ನೆ ತೋರಿಸುವಂತೆ ಮಾಡಿದ. ಮಗುವನ್ನು ಮಲಗಿಸಿದ ಕೂಡಲೇ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಮೂಡುತ್ತಿತ್ತು. ಪ್ರತಿ ಬೆಳಿಗ್ಗೆಯ ಅಂಕಿ ಅವನ ಫೋನಿನಲ್ಲೂ ಉಳಿಯುತ್ತಿತ್ತು, ಅಂಗಡಿಯಲ್ಲಿ ಕುಳಿತು ಅದನ್ನೇ ನೋಡುತ್ತಿದ್ದ.

ಬಾಣಂತನಕ್ಕೆ ಹೆಂಡತಿಯ ತಾಯಿ ಬಂದಿದ್ದರು. ಅವನು ಅವರಿಗೆ ಒಂದೇ ಒಂದು ಮಾತು ಹೇಳಿದ.

"ಅತ್ತೆ, ತೊಟ್ಟಿಲು ತೂಗಬೇಡಿ. ತೂಗಿದರೆ ತೂಕ ತಪ್ಪುತ್ತದೆ."

"ತೂಗಬಾರದ ತೊಟ್ಟಿಲು ಯಾಕಪ್ಪ? ಮಗೂನ ಬುಟ್ಟಿಯಲ್ಲಿ ಮಲಗಿಸಿದರೆ ಆಗೋದಿಲ್ಲವಾ?" ಎಂದರು ಅತ್ತೆ.

ಅವನಿಗೆ ನಗು ಬರಲಿಲ್ಲ.

ಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಅಂಕಿ ದಿನವೂ ಒಂದಿಷ್ಟು ಏರುತ್ತಿತ್ತು. ಮಗುವಿಗೆ ಎರಡು ತಿಂಗಳು ತುಂಬಿದಾಗ ಮೂರು ಕಿಲೋ ನಾನೂರು ಗ್ರಾಂ ಆಯಿತು. ಅವನು ಅಂಗಡಿಗೆ ಬಂದವರಿಗೆಲ್ಲ ಫೋನು ತೋರಿಸಿದ.

ಅದರ ಮರುದಿನ ಅಂಕಿ ಏರಲಿಲ್ಲ. ಮೂರನೆಯ ದಿನ ಇಳಿಯಿತು. ಆಮೇಲೆ ದಿನವೂ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಯಿತು.

ಅವನು ಹೆಂಡತಿಗೆ ಬೈಯಲಿಲ್ಲ. ಬೈಯುವ ಸ್ವಭಾವವೂ ಅವನದಲ್ಲ. ಆದರೆ ಮಧ್ಯಾಹ್ನ ಅಂಗಡಿಯಿಂದ ಫೋನು ಮಾಡಿ, "ಹಾಲು ಕೊಟ್ಟೆಯಾ? ಎಷ್ಟು ಹೊತ್ತು ಕೊಟ್ಟೆ?" ಎಂದು ಕೇಳುತ್ತಿದ್ದ. ಸಂಜೆ ಬರುವಾಗ ಪುಡಿ ಹಾಲಿನ ಡಬ್ಬಿ ತಂದ. ಅದನ್ನು ಏನೂ ಹೇಳದೆ ಕಪಾಟಿನಲ್ಲಿಟ್ಟ. ಅವಳು ಡಬ್ಬಿಯನ್ನು ನೋಡಿದಳು. ತನ್ನ ಎದೆಯಲ್ಲಿ ಹಾಲು ಬತ್ತಿದೆ ಎಂದು ಅಂದಿನಿಂದ ನಂಬಿದಳು. ಮಗುವನ್ನು ನೋಡಲು ಬಂದ ನೆಂಟರೂ ಮೊದಲು ಗೋಡೆಯನ್ನೇ ನೋಡುತ್ತಿದ್ದರು. ಅವಳಿಗೆ ಊಟ ಸೇರದಾಯಿತು.

ಅವನಿಗೂ ನೆಮ್ಮದಿ ಇರಲಿಲ್ಲ. ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟ. ಎತ್ತಿ ಆಡಿಸಿದರೆ ದಣಿಯುತ್ತದೆ, ದಣಿದರೆ ಕರಗುತ್ತದೆ ಎಂಬ ಯೋಚನೆ ಹೇಗೋ ಅವನ ತಲೆಗೆ ಹೊಕ್ಕಿತ್ತು. ಮನೆಗೆ ಬಂದರೆ ತೊಟ್ಟಿಲಿಗೆ ಬೆನ್ನು ಮಾಡಿ ಗೋಡೆಯ ಎದುರು ನಿಲ್ಲುತ್ತಿದ್ದ.

ಹನ್ನೊಂದನೆಯ ದಿನ ಬೆಳಿಗ್ಗೆ ಅಂಕಿ ಮೂರು ಕಿಲೋ ಐವತ್ತು ಗ್ರಾಮಿಗೆ ಇಳಿಯಿತು. ಅವನು ಹೆಂಡತಿಗೆ, "ಏಳು, ಹೋಗೋಣ" ಎಂದ. ಅವಳು ಮಗುವನ್ನು ಸುತ್ತಿಕೊಂಡು ಸ್ಕೂಟರಿನ ಹಿಂದೆ ಕುಳಿತಳು.

ಆಸ್ಪತ್ರೆಯಲ್ಲಿ ವೈದ್ಯರು ಇನ್ನೂ ಬಂದಿರಲಿಲ್ಲ. ತಲೆ ನರೆತ ಒಬ್ಬ ದಾದಿ ಇದ್ದರು. ಅವರು ಬಟ್ಟೆ ಬಿಚ್ಚಿ ಮಗುವನ್ನು ಮೇಜಿನ ಮೇಲೆ ಮಲಗಿಸಿದರು. ಮಗು ಕೈಕಾಲು ಬಡಿಯಿತು.

"ಹಾಲು ಕುಡಿಯುತ್ತಾಳಾ?" ಎಂದು ದಾದಿ ಕೇಳಿದರು.

ಅವನು ಹೆಂಡತಿಯ ಮುಖ ನೋಡಿದ. ಅವಳು, "ಕುಡಿಯುತ್ತಾಳೆ. ಕುಡಿದು ಸಾಕಾಗಿ ತಾನೇ ಬಾಯಿ ಬಿಡುತ್ತಾಳೆ" ಎಂದಳು.

"ಬಟ್ಟೆ ಒದ್ದೆ ಮಾಡುತ್ತಾಳಾ?"

"ದಿನಕ್ಕೆ ಹತ್ತು ಬಟ್ಟೆ ಒಗೆಯುತ್ತೇವೆ."

"ಎತ್ತಿಕೊಂಡರೆ ಹೇಗನ್ನಿಸುತ್ತದೆ?"

ಹೆಂಡತಿ ಮಗುವಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಭಾರ ಆಗಿದ್ದಾಳೆ ಅನ್ನಿಸುತ್ತದೆ. ತೋಳು ನೋಯುತ್ತದೆ. ಆದರೆ ಗೋಡೆ ಮೇಲೆ ಬೇರೆಯೇ ಬರುತ್ತಿತ್ತಲ್ಲ, ನನಗೇ ಶಕ್ತಿ ಇಲ್ಲದೆ ಹಾಗಾಗುತ್ತಿದೆ ಅಂದುಕೊಂಡೆ" ಎಂದಳು.

"ನಿಮಗೆ?" ಎಂದು ದಾದಿ ಅವನ ಕಡೆ ತಿರುಗಿದರು. ಅವನು ಮಗುವನ್ನು ಎತ್ತಿಕೊಂಡು ಎಷ್ಟೋ ದಿನವಾಗಿತ್ತು.

ದಾದಿ ಮಗುವನ್ನು ಆಸ್ಪತ್ರೆಯ ತೂಕದ ಯಂತ್ರದ ಮೇಲಿಟ್ಟರು. ಮೂರು ಕಿಲೋ ಏಳುನೂರು.

"ಸಿಸ್ಟರ್, ನಿಮ್ಮ ಯಂತ್ರ ಕೆಟ್ಟಿದೆ" ಎಂದ ಅವನು.

ಅವನ ಚೀಲದಲ್ಲಿ ಯಾವಾಗಲೂ ಮುದ್ರೆ ಒತ್ತಿದ ಎರಡು ಕಿಲೋ ತೂಕದ ಬಟ್ಟು ಇರುತ್ತಿತ್ತು. ಅದನ್ನು ತೆಗೆದು ಯಂತ್ರದ ಮೇಲಿಟ್ಟ. ಎರಡು ಕಿಲೋ ತೋರಿಸಿತು. ಎತ್ತಿ ಮತ್ತೊಮ್ಮೆ ಇಟ್ಟ. ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ.

ಅವನು ಬಟ್ಟನ್ನು ಚೀಲಕ್ಕೆ ಹಾಕಿದ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟ. ದಾದಿ ಮಗುವನ್ನು ತಂದು ಅವನ ತೋಳಿಗೆ ಹಾಕಿದರು. ಮಗು ಭಾರವಾಗಿತ್ತು. ಅದರ ತೊಡೆಯಲ್ಲಿ ಎರಡು ಮಡಿಕೆ ಬಿದ್ದಿದ್ದವು. ಅವು ಯಾವಾಗ ಬಿದ್ದವು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನು ಅತ್ತ. ಹನ್ನೊಂದು ದಿನ ಬಿಗಿಹಿಡಿದದ್ದೆಲ್ಲ ಅಳುವಾಗಿ ಹೋಯಿತು. ಹೆಂಡತಿ ಗೋಡೆಗೆ ಒರಗಿಕೊಂಡು ನಿಂತಳು, ಅವಳಿಗೆ ನಗು ಬಂತು. ಆಮೇಲೆ, "ಹಸಿವಾಗಿದೆ" ಎಂದಳು. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದು ಇನ್ನೆರಡು ಹೇಳಿದಳು. ಅಷ್ಟೂ ಹೊತ್ತು ಮಗು ಅವನ ಹೆಗಲ ಮೇಲೆಯೇ ಮಲಗಿತ್ತು.

ಮನೆಗೆ ಬಂದು ಅವನು ತೊಟ್ಟಿಲನ್ನು ಪರೀಕ್ಷಿಸಿದ. ಅಳೆಯುವ ತುಂಡು ಸರಿಯಿತ್ತು. ತಂತಿ ಸರಿಯಿತ್ತು. ಆಗ ತೊಟ್ಟಿಲಿನ ಅಂಚಿನಿಂದ ಕಿಟಕಿಯ ಮೇಲಿನ ಸರಳಿಗೆ ಹೋದ ಒಂದು ದಾರ ಕಂಡಿತು. ಅದನ್ನು ಅವನು ದಿನವೂ ಕಂಡಿದ್ದ. ಸೊಳ್ಳೆಪರದೆಯದಿರಬೇಕು ಎಂದುಕೊಂಡಿದ್ದ.

"ಅತ್ತೆ, ಇದೇನು?"

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಬೈಯಬೇಡಪ್ಪ. ನೀನು ಅಂಗಡಿಗೆ ಹೋದ ಮೇಲೆ ಮಗು ರಚ್ಚೆ ಹಿಡಿಯುತ್ತೆ. ತೂಗದೆ ಮಲಗೋದಿಲ್ಲ. ಅದಕ್ಕೇ ಹತ್ತು ದಿನದಿಂದ ದಾರ ಕಟ್ಟಿಕೊಂಡು ಒಲೆ ಹತ್ತಿರದಿಂದಲೇ ತೂಗುತ್ತೇನೆ. ನೀನು ಬರೋ ಹೊತ್ತಿಗೆ ಸರಳಿಗೆ ಸುತ್ತಿಬಿಡುತ್ತೇನೆ. ಸಡಿಲಾದರೆ ಕಾಲಿಗೆ ಸಿಗುತ್ತಲ್ಲ, ಅದಕ್ಕೆ ದಿನಾ ಒಂದು ಸುತ್ತು ಜಾಸ್ತಿ ಬಿಗಿಯುತ್ತೇನೆ."

ಅವನು ದಾರವನ್ನು ಬಿಚ್ಚಿ ನೋಡಿದ. ಬಿಗಿದ ದಾರ ತೊಟ್ಟಿಲನ್ನು ಮೇಲಕ್ಕೆ ಎಳೆದು ಹಿಡಿದಿತ್ತು. ದಾರ ಎಷ್ಟು ಭಾರ ಹೊರುತ್ತಿತ್ತೋ ಅಷ್ಟು ಗೋಡೆಯ ಮೇಲೆ ಕಡಿಮೆ ತೋರಿಸುತ್ತಿತ್ತು.

ಅತ್ತೆ ಬೈಗುಳಕ್ಕೆ ಕಾದು ನಿಂತಿದ್ದರು. ಅವನು ಬೈಯಲಿಲ್ಲ. ದಾರದ ತುದಿಯನ್ನು ಅವರ ಕೈಗೇ ಕೊಟ್ಟು, "ತೂಗಿ ಅತ್ತೆ" ಎಂದ. ಹೆಂಡತಿ ಕಪಾಟಿನಿಂದ ಪುಡಿ ಹಾಲಿನ ಡಬ್ಬಿ ತೆಗೆದು, ಅದರಲ್ಲಿ ಎಲ್ಲರಿಗೂ ಚಹಾ ಮಾಡಿದಳು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ಸೋಮಲಿಂಗ ಕೇಳಿದ: "ಆ ಯಂತ್ರವನ್ನು ಕಿತ್ತು ಹಾಕಿದನೇ?"

"ಯಾಕೆ ಕೀಳಬೇಕು? ಒಳ್ಳೆಯ ಯಂತ್ರ. ಇವತ್ತಿಗೂ ಸರಿಯಾಗಿಯೇ ತೋರಿಸುತ್ತದೆ."

"ಹಾಗಾದರೆ ಈಗಲೂ ದಿನವೂ ತೂಕ ನೋಡುತ್ತಾನೆಯೇ?"

"ನೋಡುವ ಆಸೆಯೇನೋ ಇದೆ," ಎಂದರು ಗುರುಗಳು, "ಆದರೆ ತೂಕ ನೋಡಬೇಕೆಂದರೆ ಮಗುವನ್ನು ತೋಳಿನಿಂದ ಇಳಿಸಬೇಕಲ್ಲ, ಸೋಮಲಿಂಗ."