ರೊಟ್ಟಿ ಬಡಿಯುವ ಸಪ್ಪಳ

ನೀಲವ್ವನಿಗೆ ಮೂರ್ಛೆ ರೋಗವಿತ್ತು. ಅದನ್ನು ಮುಚ್ಚಿಟ್ಟೇ ಅವಳು ಊರಿನ ರೊಟ್ಟಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದಳು. ಗುಳಿಗೆಯನ್ನು ಸೆರಗಿನ ಮರೆಯಲ್ಲಿ ನುಂಗುತ್ತಿದ್ದಳು. ಮೂರ್ಛೆ ಬರುವುದು ಅಪರೂಪ. ಮನಸ್ಸಿಗೆ ಮಾತ್ರ ಬಿಡುವೇ ಇರಲಿಲ್ಲ. 'ಇಲ್ಲೇ ಬಿದ್ದರೆ? ಬಾಯಲ್ಲಿ ನೊರೆ ಬಂದರೆ? ಸೀರೆ ಒದ್ದೆಯಾದರೆ?' ಎಂದು ಅದು ಕೊರೆಯುತ್ತಲೇ ಇರುತ್ತಿತ್ತು.

ಪಕ್ಕದ ಒಲೆಯವಳು ಕಾಶವ್ವ. ಮಹಾ ಮಾತುಗಾತಿ. ಆದರೆ ನೀಲವ್ವ ರೊಟ್ಟಿ ಬಡಿಯಲು ಕೂತಳೆಂದರೆ ಅವಳ ಬಾಯಿಗೆ ಬೀಗ. ನಡುನಡುವೆ ಓರೆಗಣ್ಣಿನಿಂದ ನೋಡುವುದು ಬೇರೆ. 'ಇವಳಿಗೆ ಗೊತ್ತಾಗಿದೆ. ಊರಿಗೆಲ್ಲ ಡಂಗುರ ಸಾರುತ್ತಾಳೆ' ಎಂದು ನೀಲವ್ವನ ಮನಸ್ಸು ತೀರ್ಪು ಕೊಟ್ಟೇಬಿಟ್ಟಿತು. ಇವಳು ದೂರವಾದರೆ ಸಾಕೆಂದು ನೀಲವ್ವ ಕೇಂದ್ರದ ಯಜಮಾನತಿ ಶಾಂತಕ್ಕನ ಕಿವಿ ಕಚ್ಚಿದಳು.

"ಅಕ್ಕಾರ, ಕಾಶವ್ವ ಹಿಟ್ಟು ಕದ್ದು ಒಯ್ಯಾಕತ್ತಾಳ್ರಿ. ನಾ ಕಣ್ಣಾರೆ ಕಂಡೀನಿ."

ಅವಳು ಕಂಡದ್ದು ಏನೂ ಇರಲಿಲ್ಲ.

ಶಾಂತಕ್ಕ ಕಾಶವ್ವನನ್ನು ಹಿಟ್ಟಿನಿಂದ ದೂರವಿಟ್ಟು, ಅಂಗಳದಲ್ಲಿ ಜೋಳ ಹಸನು ಮಾಡಲು ಕೂರಿಸಿದಳು. ಕಾಶವ್ವ ಕಣ್ಣೊರೆಸಿಕೊಂಡು ಹೋದಳು. ನೀಲವ್ವ ನಿರಾಳವಾಗಿ ರೊಟ್ಟಿ ಬಡಿಯತೊಡಗಿದಳು. ಇದ್ದಕ್ಕಿದ್ದಂತೆ ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಅವಳು ಒಲೆಯಿಂದ ದೂರ, ಮಗ್ಗುಲಾಗಿ ಮಲಗಿದ್ದಳು. ತಲೆ ಕಾಶವ್ವನ ತೊಡೆಯ ಮೇಲಿತ್ತು. ಯಾರೋ ಕೈಗೆ ಕಬ್ಬಿಣ ಕೊಡಲು ಬೀಗದ ಕೈ ತಂದರು. "ಅದೇನೂ ಬ್ಯಾಡ. ಗಾಳಿ ಆಡಲಿ, ಸರೀರಿ," ಎಂದಳು ಕಾಶವ್ವ.

ಶಾಂತಕ್ಕ ಕೇಳಿದಳು: "ನಾವು ಇಲ್ಲೇ ಇದ್ದವರು ನೋಡಲಿಲ್ಲ. ಅಂಗಳದಾಗಿದ್ದ ನಿನಗ ಹೆಂಗ ಗೊತ್ತಾತು?"

"ನನ್ನ ತಮ್ಮಗೂ ಇದ ಬ್ಯಾನಿ ಐತ್ರಿ. ಇಕಿ ಗುಳಿಗಿ ನುಂಗೂದು ನೋಡಿ ಎಂದೋ ತಿಳ್ಕೊಂಡೆ. ಯಾರ ಮುಂದೂ ಆಡಲಿಲ್ಲ. ಇಕಿ ಕೈ ಸಪ್ಪಳ ನಿಂತ್ರ ಓಡಿ ಹೋಗಬೇಕಂತ ಸುಮ್ಮನ ಕೇಳ್ಕೋತ ಕೂಡ್ತಿದ್ದೆ. ಇವತ್ತೂ ಕಿವಿ ಇಲ್ಲೇ ಇತ್ತು."

ನೀಲವ್ವನ ಸೀರೆ ಒದ್ದೆಯಾಗಿತ್ತು. ಎಲ್ಲರೂ ನೋಡುತ್ತಿದ್ದರು. ಇಷ್ಟು ದಿನ ಹೆದರಿದ್ದು ಇದಕ್ಕೇ. ಆದರೆ ಈಗ ಅವಳನ್ನು ಕುಗ್ಗಿಸಿದ ನಾಚಿಕೆ ಇದಲ್ಲ. ಮುಖ ಮುಚ್ಚಿಕೊಂಡು ಹೇಳಿದಳು: "ಕಾಶವ್ವ ಕದ್ದಿಲ್ರಿ. ನಾನ ಸುಳ್ಳ ಹೇಳೀನಿ."

ಶಾಂತಕ್ಕ ಕಾಶವ್ವನನ್ನು ಮತ್ತೆ ಅವಳ ಒಲೆಗೆ ಕಳಿಸಿದಳು.

ನೀಲವ್ವ ಸುಧಾರಿಸಿಕೊಂಡು ಕೆಲಸಕ್ಕೆ ಬಂದಾಗ ಕಾಶವ್ವ ತನ್ನ ಒಲೆಯ ಮುಂದೆ ಮುಖ ಬಿಗಿದುಕೊಂಡು ಕೂತಿದ್ದಳು. ನೀಲವ್ವನ ಮನಸ್ಸು ಮತ್ತೆ ಕಥೆ ಕಟ್ಟಲು ಹೊರಟಿತು. ಈ ಸಲ ಅವಳು ಅದರ ಮಾತು ಕೇಳಲಿಲ್ಲ, ಕಾಶವ್ವನನ್ನೇ ಕೇಳಿದಳು.

"ಸಿಟ್ಟಾಗೀಯೇನಬೇ?"

"ಹೂಂ, ಸಿಟ್ಟ ಐತಿ," ಎಂದಳು ಕಾಶವ್ವ. "ನೀ ರೊಟ್ಟಿ ಬಡಿ. ನಾ ಕೇಳಾಕತ್ತೀನಿ."

ನೀತಿ: ರೋಗ ಬಂತೆಂದು ಯಾರೂ ತಲೆ ತಗ್ಗಿಸಬೇಕಿಲ್ಲ. ಮನಸ್ಸು ಕಟ್ಟಿದ ಕಥೆಯನ್ನು ನಂಬಿ ಇನ್ನೊಬ್ಬರ ಮೇಲೆ ಕೆಸರು ಎರಚಿದಾಗ ಮಾತ್ರ ತಗ್ಗಿಸಬೇಕು. ಅನುಮಾನ ಬಂದರೆ ಬಾಯಿಬಿಟ್ಟು ಕೇಳಿ.