ವಲ್ಲಿಯ ಕೆಳಗಿನ ಬೆರಳು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಅಡವಯ್ಯ ಅನ್ನುವ ಗುರುಗಳು.

ಅವರನ್ನು ಹುಡುಕಿಕೊಂಡು ಬರುತ್ತಿದ್ದವರು ಮೋಕ್ಷ ಬೇಕೆಂದವರಲ್ಲ, ನಾಳೆ ಊರಿನ ಯಜಮಾನಿಕೆ ಹೊರಬೇಕಾದವರು. ಸಂತೆ ಹೇಗೆ ನಡೆಯುತ್ತದೆ, ಜಗಳ ಹೇಗೆ ನಿಲ್ಲುತ್ತದೆ, ಇವೆರಡೇ ಅಲ್ಲಿನ ಪಾಠ. ಎರಡೂ ಒಂದೇ ಪಾಠ ಅಂತ ಗುರುಗಳು ಹೇಳುತ್ತಿದ್ದರು. ಶಿಷ್ಯರು ತಲೆಯಾಡಿಸುತ್ತಿದ್ದರು, ಅರ್ಥವಾಗದಿದ್ದಾಗ ಇನ್ನೇನು ಮಾಡುತ್ತಾರೆ ಹೇಳಿ.

ಅವರಲ್ಲಿ ಮಲ್ಲಿನಾಥ ಅನ್ನುವವನು ಹಟವಾದಿ. ಅವನ ಊರಿನಲ್ಲಿ ಎರಡು ಕೇರಿಗಳು ಹೊಡೆದಾಡಿಕೊಂಡಾಗ ಬಿಡಿಸಲು ಹೋದ ತಂದೆ ಒಂದು ಕಣ್ಣು ಕಳೆದುಕೊಂಡಿದ್ದರು. ಅದೇ ಊರಿಗೆ ಅವನು ಯಜಮಾನನಾಗಿ ಹೋಗಬೇಕಿತ್ತು. ಜಗಳ ಬಗೆಹರಿಸಲು ಕಲಿಯದೆ ಇಲ್ಲಿಂದ ಕದಲುವುದಿಲ್ಲ ಅಂತ ನಿಶ್ಚಯಿಸಿಬಿಟ್ಟಿದ್ದ.

ಗುರುಗಳು ಅವನಿಗೆ ಕೊನೆಯ ಪರೀಕ್ಷೆಯಾಗಿ ಪಕ್ಕದಲ್ಲೇ ಇದ್ದ ಒಂದು ಜಗಳವನ್ನು ಕೊಟ್ಟರು.

ಕುಂಬಾರರ ಮಡಕೆಗಳನ್ನು ಅಂಬಿಗರು ದೋಣಿಯಲ್ಲಿ ಆಚೆ ದಡದ ಸಂತೆಗೆ ಸಾಗಿಸುತ್ತಿದ್ದರು. ಕೂಲಿ ಹೆಚ್ಚಾಗಲಿ ಅಂದರು ಅಂಬಿಗರು. ದೋಣಿಯಲ್ಲಿ ಒಡೆಯುವ ಮಡಕೆಗೆ ಯಾರು ಹೊಣೆ ಅಂದರು ಕುಂಬಾರರು. ಮಾತಿಗೆ ಮಾತು ಬೆಳೆದು, ಅಂಬಿಗರ ಹಿರಿಯ ದುರುಗಪ್ಪ ಹುಟ್ಟು ಬೀಸಿ, ಕುಂಬಾರರ ಹಿರಿಯ ಹಾಲಪ್ಪನ ತಮ್ಮನ ಮಗನ ತಲೆ ಒಡೆದಿದ್ದ. ಅಂದಿನಿಂದ ದೋಣಿ ನಿಂತಿತ್ತು. ಮಡಕೆಗಳು ದಡದಲ್ಲಿ ರಾಶಿ ಬಿದ್ದಿದ್ದವು. ಎರಡೂ ಕೇರಿಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿತ್ತು.

“ಇದನ್ನು ಬಗೆಹರಿಸು. ಆಮೇಲೆ ನಿನ್ನೂರಿಗೆ ಹೋಗು,” ಅಂದರು ಗುರುಗಳು.

ಮಲ್ಲಿನಾಥ ಎರಡೂ ಕೇರಿ ಸುತ್ತಿದ. ಮಣ್ಣಿನ ಖರ್ಚೆಷ್ಟು, ಸೌದೆಯ ಖರ್ಚೆಷ್ಟು, ದೋಣಿಯ ದುರಸ್ತಿ ಎಷ್ಟು, ಎಲ್ಲ ವಿಚಾರಿಸಿದ. ಲೆಕ್ಕ ಹಾಕಿ, ಯಾರಿಗೂ ಅನ್ಯಾಯವಾಗದ ಒಂದು ಕೂಲಿಯನ್ನು ತಾನೇ ಗೊತ್ತು ಮಾಡಿ ಹೇಳಿದ. ಇಬ್ಬರೂ ಕೈಮುಗಿದು ಒಪ್ಪಿಕೊಂಡರು.

ಸ್ವಲ್ಪ ದಿನ ದೋಣಿ ಓಡಿತು. ಆದರೆ ಅಂಬಿಗರು ಮಡಕೆಗಳನ್ನು ಸೌದೆ ಎಸೆದ ಹಾಗೆ ಎಸೆದು ತುಂಬಿದರು. ಕುಂಬಾರರು ಒಳ್ಳೆಯದನ್ನು ಮನೆಯಲ್ಲಿಟ್ಟುಕೊಂಡು ಬಿರುಕು ಬಿಟ್ಟಿದ್ದನ್ನೇ ಕಳಿಸಿ, ಒಡೆದದ್ದಕ್ಕೆ ದುಡ್ಡು ಕೇಳಿದರು. ದೋಣಿ ಮತ್ತೆ ನಿಂತಿತು.

ಒಪ್ಪಿದ್ದಿರಲ್ಲ ಅಂತ ಮಲ್ಲಿನಾಥ ಕೇಳಿದರೆ ದುರುಗಪ್ಪ ನಕ್ಕುಬಿಟ್ಟ. “ನಾವೆಲ್ಲಿ ಒಪ್ಪಿದ್ವಿ ಸಣ್ಣ ಗೌಡ್ರೇ? ನೀವು ಹೇಳಿದ್ರಿ, ನಾವು ಕೇಳಿಸ್ಕೊಂಡ್ವಿ.”

ಗುರುಗಳ ಮುಂದೆ ಮಲ್ಲಿನಾಥ ತನ್ನ ಲೆಕ್ಕವನ್ನು ಒಪ್ಪಿಸಿ, ಇದರಲ್ಲಿ ತಪ್ಪೆಲ್ಲಿದೆ ಅಂದ.

“ತಪ್ಪಿಲ್ಲ. ನೀನು ದೋಣಿಯೋ, ಮಡಕೆಯೋ?”

“ಎರಡೂ ಅಲ್ಲ ಗುರುಗಳೇ.”

“ಮತ್ತೆ ನೀನೇಕೆ ಬೆಲೆ ಕಟ್ಟಿದೆ?”

ಸರಿ, ಅವರೇ ಮಾತಾಡಿಕೊಳ್ಳಲಿ ಅಂತ ಮಲ್ಲಿನಾಥ ಎರಡೂ ಕೇರಿಯವರನ್ನು ಆಲದ ಕೆಳಗೆ ಸೇರಿಸಿದ. ಹಾಲಪ್ಪನ ಬೆನ್ನಿಗೆ ಅವನ ಜನ, ದುರುಗಪ್ಪನ ಬೆನ್ನಿಗೆ ಇವನ ಜನ. ಒಬ್ಬ ಒಂದು ಅಂದರೆ ಹಿಂದಿನವರು ಹತ್ತು ಅಂದರು. ಹಾಲಪ್ಪ ಒಮ್ಮೆ ಸ್ವಲ್ಪ ಮೆತ್ತಗಾದ. ಅಷ್ಟಕ್ಕೇ ಅವನ ಕಡೆಯವನೊಬ್ಬ, ಬಳೆ ತೊಟ್ಟುಕೋ ಮಾವ, ಅಂದ. ಹಾಲಪ್ಪ ಎದ್ದು ಹೋದ.

ಆ ವಾರ ಗುರುಗಳು ಮಲ್ಲಿನಾಥನನ್ನು ದನದ ಸಂತೆಗೆ ಕರೆದೊಯ್ದರು. ಆಶ್ರಮದ ಎರಡೆತ್ತುಗಳಲ್ಲಿ ಒಂದು ಸತ್ತುಹೋಗಿತ್ತು, ಉಳಿದದ್ದಕ್ಕೊಂದು ಜೋಡಿ ಬೇಕಿತ್ತು.

ದನದ ಸಂತೆಯ ವ್ಯಾಪಾರ ಬಲ್ಲವರು ಬಲ್ಲರು. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲೆ ಹೊದೆಯುವ ವಲ್ಲಿಯನ್ನು ಕೈಗಳ ಮೇಲೆ ಮುಚ್ಚಿಕೊಂಡು, ಒಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು, ಬೆರಳೆಣಿಕೆಯಲ್ಲೇ ಬೆಲೆ ಕೇಳುತ್ತಾರೆ. ಗುರುಗಳೂ ಹಾಗೇ ಕೂತರು. ಎತ್ತಿನವನು ಸುತ್ತ ನಿಂತವರಿಗೆ ಕೇಳುವಂತೆ, ಇಷ್ಟಕ್ಕೆ ನಮ್ಮ ಬೀಗರಿಗೂ ಕೊಡಲ್ಲ ಅಂತ ಜಂಬ ಕೊಚ್ಚುತ್ತಿದ್ದ. ವಲ್ಲಿಯ ಕೆಳಗೆ ಏನೋ ಮೆಲ್ಲಗೆ ಅಲುಗುತ್ತಿತ್ತು.

ಮಲ್ಲಿನಾಥನಿಗೆ ತಡೆಯಲಾಗಲಿಲ್ಲ. ವಲ್ಲಿ ಎತ್ತಿ ನೋಡಿಬಿಟ್ಟ.

ಎತ್ತಿನವನು ಕೈ ಕಿತ್ತುಕೊಂಡು, ಎತ್ತಿನ ಹಗ್ಗ ಹಿಡಿದು ಹೊರಟ. “ಇನ್ನೇನು ಮುಗೀತಿತ್ತು ಸ್ವಾಮೇರೇ. ಈಗ ಇವನೆದುರು ಇಳಿದ್ರೆ ಇಡೀ ಸಂತೆ ಎದುರು ಇಳಿದಂಗೆ.”

ಮರುದಿನ ಗುರುಗಳು ಹೊಲದಲ್ಲಿ ನೊಗದ ಒಂದು ಕಡೆಗೆ ಎತ್ತು ಕಟ್ಟಿ, ಇನ್ನೊಂದು ಕಡೆಗೆ ಮಲ್ಲಿನಾಥನನ್ನು ಕರೆದರು. ಅವನು ಹೆಗಲು ಕೊಟ್ಟ. ಎತ್ತು ಒಮ್ಮೆ ಅವನ ಕಡೆ ತಿರುಗಿ ನೋಡಿ, ಇರಲಿ ಅನ್ನುವ ಹಾಗೆ ಹೆಜ್ಜೆ ಹಾಕಿತು.

ಸಾಲಿನ ನಡುವೆ ಮಲ್ಲಿನಾಥ ನಿಂತುಬಿಟ್ಟ. “ಗುರುಗಳೇ, ಹಾಲಪ್ಪ ಅವತ್ತು ಇಳಿಯಲು ಸಿದ್ಧನಿದ್ದ.”

“ಈ ಸಾಲು ಮುಗಿಸಿ ಹೋಗು,” ಅಂದರು ಗುರುಗಳು.

ಅವನು ಸಾಲು ಮುಗಿಸಿಯೇ ಹೋದ. ಹಾಲಪ್ಪನನ್ನೂ ದುರುಗಪ್ಪನನ್ನೂ ಮರಳ ಮೇಲೆ ಎದುರುಬದುರು ಕೂರಿಸಿದ. ಅವರವರ ಜನವನ್ನು ದೂರ ನಿಲ್ಲಿಸಿ, ನಡುವೆ ತನ್ನ ವಲ್ಲಿ ಹಾಸಿದ.

ಹಾಲಪ್ಪ ಕೈ ಹಿಂದಕ್ಕೆಳೆದುಕೊಂಡ. “ನಮ್ಮ ಹುಡುಗನ ತಲೆ ಒಡೆದ ಕೈ ಅದು. ನಾ ಮುಟ್ಟಲ್ಲ.”

“ಆ ಕೈಯೇ ಬೇಕು ಹಾಲಪ್ಪ. ಹುಟ್ಟು ಹಾಕೋದೂ ಅದೇ,” ಅಂದ ಮಲ್ಲಿನಾಥ.

ದುರುಗಪ್ಪನೇ ಮೊದಲು ವಲ್ಲಿಯೊಳಗೆ ಕೈ ಇಟ್ಟು ಕಾದ. ಕೊನೆಗೆ ಹಾಲಪ್ಪನ ಕೈಯೂ ಒಳಗೆ ಹೋಯಿತು.

ಬಾಯಿ ಮಾತ್ರ ಸುಮ್ಮನಿರಲಿಲ್ಲ. ನಿನ್ನ ಮಡಕೆ ನೀರು ಕಂಡರೇ ಕರಗುತ್ತೆ ಅಂದ ದುರುಗಪ್ಪ. ನಿನ್ನ ದೋಣಿಗಿಂತ ನನ್ನ ಮಡಕೆ ಮೇಲೆ ಕೂತು ಹೊಳೆ ದಾಟೋದು ವಾಸಿ ಅಂದ ಹಾಲಪ್ಪ. ದೂರ ನಿಂತ ಎರಡೂ ಕಡೆಯವರಿಗೆ ಬಹಳ ಖುಷಿಯಾಯಿತು.

ವಲ್ಲಿ ಅಲುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅಲುಗುತ್ತಿತ್ತು. ಮಲ್ಲಿನಾಥ ತನ್ನ ಎರಡೂ ಅಂಗೈಗಳ ಮೇಲೆ ತಾನೇ ಕೂತು, ಮುಖ ಹೊಳೆಯ ಕಡೆಗೆ ತಿರುಗಿಸಿಕೊಂಡಿದ್ದ.

ಕೈಗಳು ಹೊರಗೆ ಬಂದವು. ಒಡೆದದ್ದರ ಮಾತೂ ಇದರಲ್ಲೇ ಸೇರಿತು ಅಂತಷ್ಟೇ ಹೇಳಿ ಹಾಲಪ್ಪ ಎದ್ದ. ದುರುಗಪ್ಪ ದೋಣಿ ನೀರಿಗೆ ತಳ್ಳಿದ. ಸಂಜೆಯೊಳಗೆ ದಡದ ರಾಶಿ ಕರಗಿತು. ಮಡಕೆಗಳ ನಡುವೆ ಹುಲ್ಲು ತುರುಕಿದವರು ಅಂಬಿಗರೇ.

ಮಲ್ಲಿನಾಥ ಓಡುತ್ತ ಬಂದು ಗುರುಗಳ ಕಾಲಿಗೆರಗಿದ. ಎಲ್ಲವನ್ನೂ ಹೇಳಿದ. ಹೇಳಿ ಮುಗಿದರೂ ಏಳಲಿಲ್ಲ.

“ಇನ್ನೇನು?” ಅಂದರು ಗುರುಗಳು.

“ಎಷ್ಟಕ್ಕೆ ಒಪ್ಪಿದರು ಅಂತ ಇಬ್ಬರೂ ಹೇಳಲಿಲ್ಲ. ನೀವು ಕೇಳಿದರೆ ಹೇಳುತ್ತಾರೆ. ಗೊತ್ತಿದ್ದರೆ ನಮ್ಮೂರಿನಲ್ಲೂ ಉಪಯೋಗಕ್ಕೆ ಬರುತ್ತಿತ್ತು.”

ಗುರುಗಳು ಅವನ ಚಾಪೆಯನ್ನು ತಾವೇ ಬಿಡಿಸಿ ಹಾಸಿದರು.

“ಅದನ್ನು ಕೇಳದೆ ಈ ರಾತ್ರಿ ಮಲಗು. ನಿದ್ದೆ ಬಂದರೆ ಬೆಳಿಗ್ಗೆ ನಿನ್ನೂರಿಗೆ ಹೊರಡು.”