ಅಧ್ಯಕ್ಷರ ಕುರ್ಚಿ ಹಿಂದಕ್ಕೆ ಬಂದದ್ದು

ಪಂಚಾಯ್ತಿ ಅಧ್ಯಕ್ಷ ಶಿವನಂಜಪ್ಪನವರು ಎಲ್ಲಿಗೆ ಹೋದರೂ ಅವರ ತೇಗದ ಕುರ್ಚಿ ಜೊತೆಗೇ ಹೋಗುತ್ತಿತ್ತು. ಅಂಗನವಾಡಿ ಕಟ್ಟುವ ಮಣ್ಣುದಿಬ್ಬಕ್ಕೂ ಅದು ಬಂತು.

“ಕಟ್ಟಡ ದಿಬ್ಬದ ತುದಿಗೇ ಬರಬೇಕು. ಗೋಡೆ ಮೇಲಿನ ನನ್ನ ಹೆಸರು ಕೆಳಗಿನ ರಸ್ತೆಗೆ ಕಾಣಬೇಕು,” ಎಂದು ಗಾರೆ ಮೇಸ್ತ್ರಿಗೆ ಅಪ್ಪಣೆಯಾಯಿತು.

“ತುದಿಯಲ್ಲಿ ಮಣ್ಣಿಗೆ ಒಂದು ಕಡೆ ಆಸರೆ ಇಲ್ಲ ಸ್ವಾಮಿ. ಪಾಯ ಜಾರುತ್ತೆ.”

“ನನಗೇ ಪಾಠ ಹೇಳ್ತೀಯಾ? ಆಗದಿದ್ರೆ ಹೇಳು, ಬೇರೆ ಮೇಸ್ತ್ರಿ ಸಿಗ್ತಾನೆ.”

ಬೇರೆಯವನು ಬಂದರೆ ತುದಿಯಲ್ಲೇ ಕಟ್ಟುತ್ತಾನೆ. ಒಳಗೆ ಕೂರುವುದು ಊರಿನ ಕೂಸುಗಳು. ಮೇಸ್ತ್ರಿ ತಲೆ ಕೆರೆದುಕೊಂಡ.

“ಆಗ್ಲಿ ಸ್ವಾಮಿ. ಪಾಯದ ಗುರುತಿಗೆ ಗೂಟ ಹೊಡೆಯೋಕೆ ಮುಂಚೆ ತಾವೇ ತುದಿಯಲ್ಲಿ ಒಂದು ಗಳಿಗೆ ಕೂತ್ಕೊಳ್ಳಿ. ರಸ್ತೆಗೆ ಎಷ್ಟು ಚೆನ್ನಾಗಿ ಕಾಣ್ತೀರಿ ನೋಡೋಣ.”

ಅಧ್ಯಕ್ಷರು ಉಬ್ಬಿಹೋದರು. ರಸ್ತೆಗೆ ಮುಖಮಾಡಿ ಭಾರವಾಗಿ ಕೂತರು. ಕುರ್ಚಿಯ ಮುಂಗಾಲು ಗೇಣುದ್ದ ಇಳಿಯಿತು. ಮಣ್ಣಿನ ಹೆಂಟೆಗಳು ದಡದಡ ಉರುಳಿದವು. “ಅಯ್ಯಯ್ಯೋ!” ಎಂದು ಎದ್ದವರು ಕುರ್ಚಿ ಎಳೆದುಕೊಂಡು ಹಿಂದೆ ಬಂದು ಕೂತರು. ಮತ್ತೆ ವಾಲಿತು. ಇನ್ನೂ ಹಿಂದೆ ಬಂದರು. ಅಲ್ಲಿ ಕುರ್ಚಿ ಗಟ್ಟಿಯಾಗಿ ನಿಂತಿತು.

ಮೇಸ್ತ್ರಿ ಅದರ ಪಕ್ಕದಲ್ಲೇ ಗೂಟ ಹೊಡೆದ.

“ಏಯ್, ಇಲ್ಯಾಕೋ?”

“ಜಾಗ ತಾವೇ ತೋರಿಸಿದ್ರಿ. ತಾವಾದ್ರೆ ಎದ್ದು ಹಿಂದಕ್ಕೆ ಬಂದ್ರಿ. ಗೋಡೆ ಎದ್ದು ಬರಲ್ಲ ಸ್ವಾಮಿ.”

ಅಧ್ಯಕ್ಷರು ಪಂಚೆಯ ಧೂಳು ಕೊಡವಿಕೊಂಡು ಮೆಲ್ಲಗೆ ಕೇಳಿದರು: “ಮತ್ತೆ ನನ್ನ ಹೆಸರು?”

“ಇಲ್ಲಿ ಬರೆದ್ರೆ ರಸ್ತೆಗೆ ಕಾಣಲ್ಲ. ಆದ್ರೆ ಒಳಗೆ ಕೂರೋ ಮಕ್ಕಳು ಓದೋದು ಕಲಿಯೋವರೆಗೂ ಉಳಿದಿರುತ್ತೆ.”

ಅಧ್ಯಕ್ಷರು ಕುರ್ಚಿಯನ್ನು ತಾವೇ ಎತ್ತಿ, ಇನ್ನೆರಡು ಮಾರು ಹಿಂದಕ್ಕಿಟ್ಟರು.

“ಆ ಗೂಟ ಕಿತ್ತು ಇಲ್ಲಿ ಹೊಡಿ.”